ನಂಜು ಒಂದೆಡೆ, ಹಳದಿ ಒಂದೆಡೆ

ನಮ್ಮ ಜನರ ಮಾತಿನಲ್ಲಿ ಪಿತ್ತಕ್ಕೆ ಇರುವಷ್ಟು ಹೊಣೆ ದೇಹದ ಇನ್ನಾವ ರಸಕ್ಕೂ ಇಲ್ಲ. ತಲೆ ಸುತ್ತಿದರೆ ಪಿತ್ತ. ಬಾಯಿ ಕಹಿಯಾದರೆ ಪಿತ್ತ. ಮನುಷ್ಯ ಸಿಟ್ಟಿಗೆದ್ದು ಕೂಗಾಡಿದರೆ ಅವನ ಪಿತ್ತ ನೆತ್ತಿಗೇರಿದೆ. ಇದೇ ಪಿತ್ತ ಕಣ್ಣಿಗೆ ಬಂದು ಕುಳಿತಾಗ ಅರಿಶಿನ ಕಾಮಾಲೆ ಎನ್ನುತ್ತೇವೆ. ಕಾಮಾಲೆ ಎಂದೊಡನೆ ಓದಿದವರು ‘ಯಕೃತ್ತು ಕೆಟ್ಟಿದೆ’ ಎನ್ನುತ್ತಾರೆ; ಓದದವರು ನೆಲನೆಲ್ಲಿ ಹುಡುಕಿಕೊಂಡು ಬೇಲಿಯ ಕಡೆ ಹೊರಡುತ್ತಾರೆ. ಇಬ್ಬರ ತರ್ಕವೂ ಒಂದೇ: ಹಳದಿ ಕಂಡಿತೋ, ತಪ್ಪು ಯಕೃತ್ತಿನದೇ.

ಈ ತರ್ಕ ಬಹುಪಾಲು ಸರಿ. ಆದರೆ ಎಲ್ಲ ಸಲವೂ ಸರಿಯಲ್ಲ. ಯಕೃತ್ತಿಗೆ ತನ್ನದೇ ಆದ ರೋಗವಿಲ್ಲದೆ, ದೇಹದ ಇನ್ನೆಲ್ಲೋ ಮನೆಮಾಡಿಕೊಂಡ ಸೂಕ್ಷ್ಮಜೀವಿಗಳ ನಂಜಿನಿಂದ ಅದು ಪಿತ್ತವನ್ನು ಹೊರಹಾಕಲಾರದೆ ಹೋಗುವುದುಂಟು. ಪುಪ್ಪುಸದಲ್ಲಿ ರೋಗ, ಕಣ್ಣಿನಲ್ಲಿ ಹಳದಿ. ಮೂತ್ರಪಿಂಡದಲ್ಲಿ ಕೀವು, ಕಣ್ಣಿನಲ್ಲಿ ಹಳದಿ. ಈ ಎರಡರ ನಡುವಣ ದಾರಿಯನ್ನು ವೈದ್ಯಶಾಸ್ತ್ರ ಕಂಡುಕೊಳ್ಳಲು ನೂರು ವರ್ಷಕ್ಕೂ ಮೇಲಾಯಿತು. ವಿದ್ಯಾರ್ಥಿಗಳಿಗೆ ಶರೀರಕ್ರಿಯೆಯ ಪಾಠ ಹೇಳುತ್ತಿದ್ದ ಕಾಲದಿಂದಲೂ ನನ್ನನ್ನು ಹಿಡಿದಿಟ್ಟ ಕಥೆ ಇದು. ಇದರಲ್ಲಿ ಒಬ್ಬನೇ ನಾಯಕನಿಲ್ಲ. ಒಬ್ಬರ ಹೆಸರನ್ನೂ ಕೇಳದ ಇನ್ನೊಬ್ಬರು ಬೇರೆ ಬೇರೆ ಊರುಗಳಲ್ಲಿ ಕುಳಿತು ಒಂದೇ ಹಗ್ಗದ ಎಳೆಗಳನ್ನು ಹೊಸೆದಿದ್ದಾರೆ.

ಹಳಬರಿಂದಲೇ ಆರಂಭಿಸೋಣ. ಚರಕಸಂಹಿತೆಯಲ್ಲಿ ಪಾಂಡುರೋಗದ ಅಧ್ಯಾಯದೊಳಗೆ ಕಾಮಲೆಯ ವಿಚಾರ ಬರುತ್ತದೆ. ಅಲ್ಲಿ ಕಾಮಲೆ ಒಂದೇ ಬಗೆಯದಲ್ಲ. ಪಿತ್ತ ಮಿತಿಮೀರಿ ಹೆಚ್ಚಿ ಬರುವುದು ಒಂದು; ಶ್ಲೇಷ್ಮವು ಪಿತ್ತದ ದಾರಿಯನ್ನು ಕಟ್ಟಿದ್ದರಿಂದ ಬರುವುದು ಇನ್ನೊಂದು. ಎರಡನೆಯದರ ಗುರುತಾಗಿ ರೋಗಿಯ ಮಲವು ಅರೆದ ಎಳ್ಳಿನ ಹಾಗೆ ಬಿಳಿಚಿಕೊಳ್ಳುತ್ತದೆಂದು ಹೇಳಿದೆ. ಪಿತ್ತ ಕರುಳಿಗೆ ಇಳಿಯದಿದ್ದರೆ ಮಲಕ್ಕೆ ಬಣ್ಣ ಬರುವುದಿಲ್ಲವೆಂಬುದನ್ನು ಕಣ್ಣಿನಿಂದಲೇ ಕಂಡು ಬರೆದ ಮಾತು ಇದು. ಇಂದಿನ ವೈದ್ಯನೂ ರೋಗಿಯನ್ನು ಇದೇ ಪ್ರಶ್ನೆ ಕೇಳುತ್ತಾನೆ. ಅತ್ತ ಗ್ರೀಸಿನಲ್ಲಿ ಹಿಪ್ಪೊಕ್ರಟೀಸನ ಹೆಸರಿನಲ್ಲಿ ಬಂದ ಸೂತ್ರಗಳು ಬೇರೊಂದನ್ನು ಗಮನಿಸಿದವು. ಜ್ವರದಲ್ಲಿ ಮಲಗಿದವನಿಗೆ ಏಳನೆಯ ದಿನಕ್ಕೆ ಮೊದಲೇ ಕಾಮಾಲೆ ತೋರಿದರೆ ಅದು ಕೆಟ್ಟ ಲಕ್ಷಣವೆಂದು ಅಲ್ಲಿನ ಅಭಿಪ್ರಾಯ. ಜ್ವರ ಮೊದಲು, ಹಳದಿ ಆಮೇಲೆ ಎಂಬ ಈ ಕ್ರಮವನ್ನು ಓದುಗರು ನೆನಪಿನಲ್ಲಿಡಬೇಕು. ಕಾರಣ ತಿಳಿಯದಿದ್ದರೂ ನೋಟ ತಪ್ಪಿರಲಿಲ್ಲ.

ಮುಂದುವರಿಯುವ ಮೊದಲು ಪಿತ್ತದ ವ್ಯವಹಾರವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಹಳೆಯ ಕೆಂಪು ರಕ್ತಕಣಗಳು ದಿನವೂ ಒಡೆಯುತ್ತವೆ. ಅವುಗಳ ಬಣ್ಣದಿಂದ ಬಿಲಿರೂಬಿನ್ ಎಂಬ ಹಳದಿ ವಸ್ತು ದಿನಕ್ಕೆ ಸುಮಾರು 250ರಿಂದ 300 ಮಿಲಿಗ್ರಾಮಿನಷ್ಟು ಹುಟ್ಟುತ್ತದೆ. ಯಕೃತ್ತಿನ ಜೀವಕೋಶ ಅದನ್ನು ರಕ್ತದಿಂದ ಎತ್ತಿಕೊಳ್ಳುತ್ತದೆ. ಸಕ್ಕರೆಯ ಜಾತಿಯ ಒಂದು ಆಮ್ಲದೊಡನೆ ಜೋಡಿಸಿ ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಕೊನೆಗೆ ತನ್ನ ಮಗ್ಗುಲಲ್ಲಿರುವ ಕಾಲುವೆಗೆ ತಳ್ಳುತ್ತದೆ. ಈ ಕಾಲುವೆಯ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು. ಇಂಥ ಅಸಂಖ್ಯ ಕಾಲುವೆಗಳು ಕೂಡಿ ನಾಳಗಳಾಗಿ ದಿನಕ್ಕೆ ಅರ್ಧ ಲೀಟರಿಗೂ ಮೇಲ್ಪಟ್ಟು ಪಿತ್ತರಸವನ್ನು ಕರುಳಿನ ಕಡೆಗೆ ಹರಿಸುತ್ತವೆ. ಎತ್ತಿಕೊಳ್ಳುವುದು, ಜೋಡಿಸುವುದು, ತಳ್ಳುವುದು ಎಂಬ ಮೂರು ಕೆಲಸಗಳಲ್ಲಿ ಕಷ್ಟದ್ದು ಮೂರನೆಯದು. ಮೊದಲೇ ದಟ್ಟವಾಗಿ ತುಂಬಿರುವ ಕಡೆಗೆ ಇನ್ನಷ್ಟನ್ನು ನೂಕಬೇಕಷ್ಟೆ! ಅದಕ್ಕೆ ಶಕ್ತಿಯ ಖರ್ಚು ಬೇಕು. ನಮ್ಮ ಕಥೆಯ ಗಂಟು ಇರುವುದೂ ಈ ಮೂರನೆಯ ಕೆಲಸದಲ್ಲೇ.

ಹತ್ತೊಂಬತ್ತನೆಯ ಶತಮಾನದ ಯೂರೋಪಿಗೆ ಇದೆಲ್ಲ ತಿಳಿದಿರಲಿಲ್ಲ. ಅಲ್ಲಿ ಕಾಮಾಲೆಯೆಂದರೆ ಕೊಳಾಯಿ ಕಟ್ಟಿದ ಹಾಗೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ಕಾಮಾಲೆ ಬರುತ್ತದೆ; ಶವವನ್ನು ಕೊಯ್ದು ನೋಡಿದರೆ ಕಲ್ಲು ಕಣ್ಣಿಗೆ ಕಾಣುತ್ತದೆ. ಆದ್ದರಿಂದ ಕಲ್ಲು ಕಾಣದ ಕಡೆಯೂ ಏನೋ ಒಂದು ಅಡ್ಡ ಇರಲೇಬೇಕೆಂದು ನಂಬಿದರು. ಬರ್ಲಿನ್ನಿನ ಮಹಾಪಂಡಿತ ರುಡಾಲ್ಫ್ ವಿರ್ಚೋ 1865ರಲ್ಲಿ ಈ ಅಡ್ಡವನ್ನು ಹೆಸರಿಸಿದ: ಪಿತ್ತನಾಳ ಕರುಳನ್ನು ಸೇರುವ ಬಾಯಿಯಲ್ಲಿ ಲೋಳೆ ಗಟ್ಟಿಯಾಗಿ ಬೆಣೆಯಂತೆ ಕುಳಿತುಕೊಳ್ಳುತ್ತದೆ ಎಂದ. ಚರಕನ ಶ್ಲೇಷ್ಮಕ್ಕೂ ಈ ಲೋಳೆಗೂ ಇರುವ ಹೋಲಿಕೆ ವಿನೋದವಾಗಿದೆ. ವಿರ್ಚೋನ ಮಾತಿಗೆ ಎಷ್ಟು ತೂಕವಿತ್ತೆಂದರೆ, ಮುಂದಿನ ಎಪ್ಪತ್ತು ವರ್ಷಗಳಿಗೂ ಮೀರಿ ಪಠ್ಯಪುಸ್ತಕಗಳು ಆ ಲೋಳೆಯ ಬೆಣೆಯನ್ನು ಹೊತ್ತುಕೊಂಡು ಬಂದವು. 1939ರಲ್ಲಿ ಕೋಪನ್‌ಹೇಗನ್ನಿನ ರೋಹೋಲ್ಮ್ ಮತ್ತು ಇವರ್ಸೆನ್ ಬದುಕಿರುವ ರೋಗಿಗಳ ಯಕೃತ್ತಿನಿಂದಲೇ ಸೂಜಿ ಚುಚ್ಚಿ ಚೂರು ತೆಗೆದು ನೋಡಿದರು. ಲೋಳೆಯ ಕಾಮಾಲೆಯೆಂದು ಹೆಸರು ಪಡೆದಿದ್ದ ರೋಗದಲ್ಲಿ ಪೆಟ್ಟು ಬಿದ್ದಿದ್ದುದು ನಾಳದ ಬಾಯಿಗಲ್ಲ, ಯಕೃತ್ತಿನ ಜೀವಕೋಶಗಳಿಗೆ.

ಆದರೆ ಲೋಳೆಗೂ ಕಲ್ಲಿಗೂ ಜಗ್ಗದ ಇನ್ನೊಂದು ಬಗೆಯ ಕಾಮಾಲೆ ಅಷ್ಟರೊಳಗೆ ವೈದ್ಯರ ಕಣ್ಣಿಗೆ ಬಿದ್ದಿತ್ತು. 1830ರ ದಶಕದಲ್ಲಿ ಅಮೆರಿಕದ ದಕ್ಷಿಣ ಸೀಮೆಯ ಗಾರ್ವಿನ್ ಎಂಬ ವೈದ್ಯ, ನ್ಯುಮೋನಿಯದ ರೋಗಿಗಳಲ್ಲಿ ಕೆಲವರು ಹಳದಿಯಾಗುವುದನ್ನು ಕಂಡು ‘ಪಿತ್ತದ ನ್ಯುಮೋನಿಯ’ ಎಂದು ಬರೆದಿದ್ದ. ರೋಗವಿದ್ದುದು ಎದೆಯಲ್ಲಿ. ಕಲ್ಲಿಲ್ಲ, ಅಡ್ಡವಿಲ್ಲ, ಆದರೂ ಕಣ್ಣು ಹಳದಿ. ಎದೆಯಿಂದ ಯಕೃತ್ತಿಗೆ ಈ ಸುದ್ದಿಯನ್ನು ಒಯ್ದವರು ಯಾರು?

ಕನ್ನಡದ ‘ನಂಜು’ ಎಂಬ ಪದ ಇಲ್ಲಿ ನೆನಪಾಗುತ್ತದೆ. ಹಾವಿನ ವಿಷವೂ ನಂಜೇ. ಗಾಯ ಕೆಟ್ಟು ಜ್ವರ ಬಂದರೆ ಅದೂ ನಂಜೇ. ಕೊಳೆತ ಗಾಯದಲ್ಲಿ ಹುಟ್ಟಿದ ಏನೋ ಒಂದು ಮೈಯಲ್ಲೆಲ್ಲ ಏರುತ್ತದೆಂಬ ತಿಳಿವಳಿಕೆ ಈ ಒಂದು ಪದದಲ್ಲಿ ಅಡಗಿದೆ. ಈ ‘ಏನೋ ಒಂದ’ನ್ನು ಮೊದಲು ಪಾತ್ರೆಯಲ್ಲಿ ಹಿಡಿದು ಪರೀಕ್ಷಿಸಿದವನು ಡೆನ್ಮಾರ್ಕಿನ ಪೀಟರ್ ಲುಡ್ವಿಗ್ ಪಾನುಮ್. ಫ್ಯಾರೋ ದ್ವೀಪಗಳಲ್ಲಿ 1846ರಲ್ಲಿ ಎದ್ದ ದಡಾರವನ್ನು ಅಧ್ಯಯನ ಮಾಡಿ ತರುಣನಾಗಿದ್ದಾಗಲೇ ಹೆಸರು ಮಾಡಿದವನು. ಕೀಲ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದಾಗ ಆತ ಕೊಳೆತ ಮಾಂಸದ ರಸವನ್ನು ಸೋಸಿ, ನಾಯಿಗಳ ರಕ್ತಕ್ಕೆ ಚುಚ್ಚಿ ನೋಡಿದ. ನಾಯಿಗಳು ಕಾಯಿಲೆ ಬಿದ್ದು ಸತ್ತವು. ಆ ರಸವನ್ನು ಗಂಟೆಗಟ್ಟಲೆ ಕುದಿಸಿ ಮತ್ತೆ ಚುಚ್ಚಿದ, ಮತ್ತೆ ಸತ್ತವು. ಕುದಿಸಿದ ಮೇಲೆ ಅದರಲ್ಲಿ ಜೀವ ಉಳಿದಿರುವ ಸಂಭವವಿಲ್ಲ. ಹಾಗಾದರೆ ಕೊಂದದ್ದು ಜೀವಿಯಲ್ಲ, ಅದು ಬಿಟ್ಟುಹೋದ ಒಂದು ವಸ್ತು. 1856ರಲ್ಲಿ ಅವನು ಇದನ್ನು ಡೇನಿಷ್ ಭಾಷೆಯಲ್ಲಿ ಪ್ರಕಟಿಸಿದ. ಜರ್ಮನಿನಲ್ಲಿ ಬರೆದದ್ದು 1874ರಲ್ಲಿ. ನಡುವಿನ ಹದಿನೆಂಟು ವರ್ಷ ಆ ವಿಚಾರ ಸಣ್ಣ ಭಾಷೆಯೊಂದರ ಗೋಡೆಯೊಳಗೆ ಉಳಿಯಿತು. ಸಣ್ಣ ಭಾಷೆಗಳಲ್ಲಿ ಬರೆಯುವವರಿಗೆ ಈ ಸಂಕಟ ಹೊಸದಲ್ಲ.

ಈ ವಸ್ತುವಿಗೆ ಹೆಸರಿಟ್ಟವನು ರಿಚರ್ಡ್ ಫೈಫರ್. ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್‌ನ ಕೈಕೆಳಗೆ ದುಡಿಯುತ್ತಿದ್ದ ಅವನು ಹುಡುಕುತ್ತಿದ್ದುದು ಕಾಲರಾದ ವಿಷವನ್ನು. ಗಳಚರ್ಮ ರೋಗದ ಸೂಕ್ಷ್ಮಜೀವಿ ತನ್ನ ವಿಷವನ್ನು ಹೊರಕ್ಕೆ ಉಗುಳುತ್ತದೆಂದು 1888ರಲ್ಲಿ ಪ್ಯಾರಿಸಿನ ರೂ ಮತ್ತು ಯೆರ್ಸಾನ್ ತೋರಿಸಿದ್ದರು. ಕಾಲರಾ ಜೀವಿಯೂ ಹಾಗೆಯೇ ಇರಬೇಕೆಂದು ಎಣಿಸುವುದು ಸಹಜ. ಫೈಫರ್ 1892ರಲ್ಲಿ ಕಂಡದ್ದೇ ಬೇರೆ. ಬಿಸಿಮಾಡಿ ಕೊಂದ ಕಾಲರಾ ಜೀವಿಗಳನ್ನು ಗಿನಿಯಿಲಿಗಳಿಗೆ ಚುಚ್ಚಿದರೂ ಅವು ಸತ್ತವು. ವಿಷ ಜೀವಿಯ ಒಡಲಿಗೇ ಸೇರಿದ್ದು. ಜೀವಿ ಸತ್ತು ಒಡೆದಾಗ ಅದು ಹೊರಬೀಳುತ್ತದೆ. ಇದಕ್ಕೆ ಎಂಡೊಟಾಕ್ಸಿನ್, ಎಂದರೆ ಒಡಲ ನಂಜು, ಎಂಬ ಹೆಸರು ನಿಂತಿತು. ಇದರಲ್ಲೊಂದು ಸ್ವಾರಸ್ಯವುಂಟು. ಕಾಲರಾದಲ್ಲಿ ರೋಗಿಯ ಮೈಯ ನೀರನ್ನೆಲ್ಲ ಬಸಿದುಹಾಕುವ ವಿಷ ಇದಲ್ಲವೇ ಅಲ್ಲ. ಅದು ಜೀವಿ ಹೊರಕ್ಕೆ ಬಿಡುವ ಬೇರೊಂದು ವಿಷವೆಂದು 1959ರಲ್ಲಿ ಕಲ್ಕತ್ತದ ಶಂಭುನಾಥ ಡೇ ಮೊಲದ ಕರುಳಿನ ಮೇಲೆ ಪ್ರಯೋಗ ನಡೆಸಿ ತೋರಿಸಿದರು. ಫೈಫರ್ ಹುಡುಕಿದ್ದು ಒಂದು, ಸಿಕ್ಕಿದ್ದು ಮತ್ತೊಂದು. ಆದರೆ ಸಿಕ್ಕಿದ್ದು ಕಾಲರಾಕ್ಕಿಂತ ದೊಡ್ಡ ಸಂಗತಿಯಾಗಿತ್ತು. ಕರುಳಿನಲ್ಲಿ ವಾಸಿಸುವ, ಮೂತ್ರಮಾರ್ಗವನ್ನು ಕೆಡಿಸುವ, ವಿಷಮಜ್ವರವನ್ನು ತರುವ ಹಲವಾರು ಜಾತಿಯ ಬ್ಯಾಕ್ಟೀರಿಯಗಳ ಹೊರಕವಚದಲ್ಲಿ ಇದೇ ನಂಜು ಇದೆ. ಅದು ಕೊಬ್ಬೂ ಸಕ್ಕರೆಯೂ ಕೂಡಿ ಆದ ವಸ್ತು. 1952ರಲ್ಲಿ ಜರ್ಮನಿಯ ವೆಸ್ಟ್‌ಫಾಲ್ ಮತ್ತು ಲ್ಯೂಡರಿಟ್ಸ್ ಅದನ್ನು ಬಿಸಿ ಫಿನಾಲಿನಲ್ಲಿ ಶುದ್ಧವಾಗಿ ಬೇರ್ಪಡಿಸುವ ಕ್ರಮವನ್ನು ಪ್ರಕಟಿಸಿದರು; ನಂಜಿನ ಗುಣವೆಲ್ಲ ಕೊಬ್ಬಿನ ಭಾಗದ್ದೆಂದು ಮುಂದೆ ಗೊತ್ತಾಯಿತು.

ನಂಜಿನ ಎಳೆ ಹೀಗೆ ಸಿಕ್ಕಿತು. ಯಕೃತ್ತಿನ ಎಳೆಯನ್ನು ಬೇರೊಬ್ಬ ಹಿಡಿದಿದ್ದ. 1876ರಲ್ಲಿ ಕಾರ್ಲ್ ವಿಲ್ಹೆಲ್ಮ್ ಫಾನ್ ಕುಪ್‌ಫರ್ ಎಂಬ ಅಂಗರಚನಾಶಾಸ್ತ್ರಜ್ಞ ಚಿನ್ನದ ಲವಣದಿಂದ ಯಕೃತ್ತಿನ ತೆಳುಪದರಕ್ಕೆ ಬಣ್ಣ ಹಾಕಿ ನೋಡುತ್ತಿದ್ದಾಗ, ರಕ್ತದ ಸಣ್ಣ ದಾರಿಗಳ ಅಂಚಿನಲ್ಲಿ ನಕ್ಷತ್ರದಾಕಾರದ ಕೋಶಗಳು ಕಂಡವು. ಅವುಗಳ ಕೆಲಸ ಅವನಿಗೆ ತಿಳಿಯಲಿಲ್ಲ. ಶತಮಾನದ ಕೊನೆಗೆ ಕ್ರಾಕೋವಿನ ಬ್ರೊವಿಚ್ ಎಂಬವನು, ರಕ್ತದಲ್ಲಿ ಬಂದ ಕಸವನ್ನು ನುಂಗುವ ಕೋಶಗಳನ್ನು ಅಲ್ಲಿ ಗುರುತಿಸಿದ. ದೇಹದ ಅಂಗಾಂಗಗಳಲ್ಲಿ ನೆಲೆನಿಂತ ಇಂಥ ನುಂಗುಗೋಶಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಯಕೃತ್ತಿನಲ್ಲೇ ಇವೆ. ಇದಕ್ಕೆ ಕಾರಣ ಸ್ಪಷ್ಟ. ಕರುಳಿನಿಂದ ಬರುವ ರಕ್ತವೆಲ್ಲ ಮೊದಲು ಯಕೃತ್ತನ್ನು ಹಾದೇ ಹೃದಯಕ್ಕೆ ಹೋಗಬೇಕು. ಕರುಳಿನಲ್ಲಿ ಬ್ಯಾಕ್ಟೀರಿಯಗಳಿಗೆ ಲೆಕ್ಕವಿಲ್ಲ. ಪ್ರಕೃತಿ ಸುಂಕದ ಕಟ್ಟೆಯನ್ನು ಕಟ್ಟಿದ್ದು ಸರಿಯಾದ ಜಾಗದಲ್ಲೇ. ರಕ್ತದಲ್ಲಿ ಒಡಲ ನಂಜು ಬಂದರೆ ಮೊದಲು ಹಿಡಿಯುವವರು ಈ ಕಟ್ಟೆಯ ಕಾವಲುಗಾರರು. ಆದರೆ ಕಾವಲುಗಾರನ ಮನೆಗೂ ಪಿತ್ತ ತಳ್ಳುವವನ ಮನೆಗೂ ಒಂದೇ ಗೋಡೆ. ಇವನ ಕೂಗಾಟ ಅವನ ಕೆಲಸವನ್ನು ಕೆಡಿಸದೆ ಇರುತ್ತದೆಯೆ?

ಮೂರನೆಯ ಎಳೆ ಹಾಲೆಂಡಿನದು. ಅಲ್ಲಿನ ಹೈಮಾನ್ಸ್ ವಾನ್ ಡೆನ್ ಬರ್ಗ್, ಮುಲ್ಲರ್ ಎಂಬವನೊಡನೆ 1916ರಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿದ. ಕಾಮಾಲೆ ರೋಗಿಗಳ ರಕ್ತದ್ರವಕ್ಕೆ ಒಂದು ರಾಸಾಯನಿಕವನ್ನು ಬೆರೆಸಿದರೆ ಕೆಲವರದು ಕೂಡಲೇ ಬಣ್ಣ ತೋರುತ್ತದೆ. ಕೆಲವರದಕ್ಕೆ ಮದ್ಯಸಾರ ಸೇರಿಸಿದ ಮೇಲೆಯೇ ಬಣ್ಣ. ಮೊದಲನೆಯದು ‘ನೇರ’, ಎರಡನೆಯದು ‘ಪರೋಕ್ಷ’ ಎಂದು ಕರೆದು, ಕಾರಣ ತಿಳಿಯದೆಯೇ ನಲವತ್ತು ವರ್ಷ ಜಗತ್ತಿನ ಆಸ್ಪತ್ರೆಗಳು ಈ ಪರೀಕ್ಷೆಯನ್ನು ಮಾಡಿದವು. 1956–57ರಲ್ಲಿ ಲಂಡನ್ನಿನ ಬಾರ್ಬರಾ ಬಿಲ್ಲಿಂಗ್ ಮತ್ತು ಲೇಥ್, ಅಮೆರಿಕದಲ್ಲಿ ರೂಡಿ ಷ್ಮಿಡ್, ಚೆಕೊಸ್ಲೊವಾಕಿಯದಲ್ಲಿ ತಾಲಾಫಾಂಟ್ ಬಹುತೇಕ ಒಂದೇ ಕಾಲಕ್ಕೆ ಗುಟ್ಟನ್ನು ಬಿಡಿಸಿದರು: ನೇರವಾಗಿ ಬಣ್ಣ ತೋರುವುದು ಯಕೃತ್ತು ಆಗಲೇ ಜೋಡಿಸಿ ಸಿದ್ಧಪಡಿಸಿದ ಬಿಲಿರೂಬಿನ್, ಇನ್ನೊಂದು ಅದರ ಕೈಸೇರದೆ ಉಳಿದದ್ದು.

ಈಗ ನಂಜಿನ ಕಾಮಾಲೆಯನ್ನು ಈ ಬೆಳಕಿನಲ್ಲಿ ನೋಡಬೇಕು. ನವಜಾತ ಶಿಶುಗಳಲ್ಲಿ ನಂಜೇರಿದಾಗ ಬರುವ ಕಾಮಾಲೆಯನ್ನು ಬರ್ನ್‌ಸ್ಟೈನ್ ಮತ್ತು ಬ್ರೌನ್ 1962ರಲ್ಲಿ ವರ್ಣಿಸಿದರು. ತೀವ್ರ ಸೋಂಕಿನೊಡನೆ ದೊಡ್ಡವರಲ್ಲಿ ಬರುವ ಕಾಮಾಲೆಯ ವಿಚಾರವಾಗಿ 1965ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಲೇಖನ ಬಂತು. ಇಂಥ ರೋಗಿಗಳ ರಕ್ತದಲ್ಲಿ ಹೆಚ್ಚಾಗಿ ಶೇಖರವಾಗುವುದು ‘ನೇರ’ ಬಿಲಿರೂಬಿನ್. ಎಂದರೆ ಯಕೃತ್ತು ಎತ್ತಿಕೊಂಡಿದೆ, ಜೋಡಿಸಿದೆ, ತಳ್ಳಲಾಗಿಲ್ಲ. ಗಿರಣಿಯಲ್ಲಿ ಹಿಟ್ಟು ಬೀಸಿ ಮೂಟೆ ಕಟ್ಟಿಯಾಗಿದೆ, ಹೊರಡುವ ಬಾಗಿಲು ಮಾತ್ರ ತೆರೆಯುತ್ತಿಲ್ಲ. ನಂಜಿನಲ್ಲಿ ರಕ್ತಕಣಗಳು ಹೆಚ್ಚಾಗಿ ಒಡೆದು ಹಳದಿಗೆ ಹಳದಿ ಸೇರುವುದೂ ಉಂಟು. ಆದರೆ ಮುಖ್ಯ ತೊಡಕು ಬಾಗಿಲಿನದೇ.

ಇದು ಪುಸ್ತಕದ ಚರ್ಚೆಯಾಗಿ ಮಾತ್ರ ಉಳಿಯುವುದಿಲ್ಲ. ನಾನು ಕಂಡ ಒಬ್ಬ ರೈತನ ಸಂಗತಿ ಹೇಳುತ್ತೇನೆ. ಸಕ್ಕರೆ ಕಾಯಿಲೆಯ ಮುದುಕ. ಗದ್ದೆಯಲ್ಲಿ ಕಾಲಿಗೆ ಮುಳ್ಳು ತುಳಿದಿದ್ದ. ಕಾಲು ಬಾತುಕೊಂಡಿತು, ಚಳಿಜ್ವರ ಬಂತು. ನಾಲ್ಕಾರು ದಿನದಲ್ಲಿ ಕಣ್ಣು ಹಳದಿಯಾಯಿತು. ಹಳದಿ ಕಂಡದ್ದೇ ತಡ, ಮನೆಯವರಿಗೆ ಕಾಲು ಮರೆತುಹೋಯಿತು. ಕಾಮಾಲೆಗೆ ಔಷಧ ಕೊಡುವವರ ಹತ್ತಿರ ಒಂದು ವಾರ, ಪಿತ್ತಕೋಶದಲ್ಲಿ ಕಲ್ಲಿದೆಯೋ ಎಂದು ಹುಡುಕುವುದರಲ್ಲಿ ಮತ್ತೆರಡು ದಿನ. ಕೊನೆಗೆ ಒಬ್ಬ ಶಸ್ತ್ರವೈದ್ಯರು ಹೊದಿಕೆ ಸರಿಸಿ ಪಾದವನ್ನು ನೋಡಿದರು. ಕೀವು ಮೊಣಕಾಲಿನವರೆಗೆ ಏರಿತ್ತು. ಯಕೃತ್ತಿಗೆಂದು ಯಾರೂ ಒಂದು ಹನಿ ಔಷಧ ಕೊಡಲಿಲ್ಲ. ಕೀವು ಹೋಗಿ ಜ್ವರ ಇಳಿದ ಮೇಲೆ ಎರಡು ಮೂರು ವಾರಗಳಲ್ಲಿ ಕಣ್ಣು ತಾನಾಗಿಯೇ ಬೆಳ್ಳಗಾಯಿತು. ಮುದುಕ ಬದುಕಿದ. ಕಾಲು ಉಳಿಯಲಿಲ್ಲ. ಹಳದಿಯ ಹಿಂದೆ ಓಡಿದ ಆ ಒಂಬತ್ತು ದಿನಗಳ ಬೆಲೆ ಅದು.

ಬಾಗಿಲು ಮುಚ್ಚುವವರು ಯಾರೆಂಬುದಕ್ಕೆ ನೇರವಾದ ಸಾಕ್ಷಿ 1976ರಲ್ಲಿ ಬಂತು. ಉತಿಲಿ, ಅಬರ್ನಾಥಿ, ಜಿಮ್ಮರ್‌ಮನ್ ಎಂಬ ಮೂವರು ಇಲಿಯ ಯಕೃತ್ತನ್ನು ದೇಹದಿಂದ ಹೊರತೆಗೆದು, ಅದರೊಳಗೆ ಪೋಷಕದ್ರವ ಹರಿಸಿ ಜೀವಂತವಾಗಿಟ್ಟರು. ಈಗ ಅದಕ್ಕೆ ಜ್ವರವಿಲ್ಲ, ರಕ್ತದೊತ್ತಡದ ಏರುಪೇರಿಲ್ಲ. ಆ ದ್ರವಕ್ಕೆ ಎಂಡೊಟಾಕ್ಸಿನ್ ಬೆರೆಸಿದಾಗ ಪಿತ್ತದ ಹರಿವು ಕುಗ್ಗಿತು. ಹೊರಹಾಕಬೇಕಾದ ಬಣ್ಣವನ್ನು ಹೊರಹಾಕುವ ಶಕ್ತಿಯೂ ಇಳಿಯಿತು. ಅಡ್ಡವಾಗಿ ಕಲ್ಲಿಲ್ಲದೆ, ಲೋಳೆಯಿಲ್ಲದೆ, ನಂಜೊಂದರಿಂದಲೇ ಪಿತ್ತ ನಿಲ್ಲಬಹುದು.

ಅದು ಹೇಗೆ ನಿಲ್ಲುತ್ತದೆಂಬುದು ಮುಂದಿನ ಇಪ್ಪತ್ತು ವರ್ಷಗಳ ಕೆಲಸ. ನಂಜನ್ನು ಹಿಡಿದ ಕುಪ್‌ಫರ್ ಕೋಶಗಳು ಸುಮ್ಮನಿರುವುದಿಲ್ಲ. ಕೆಲವು ಸಂದೇಶವಸ್ತುಗಳನ್ನು ಸುರಿಸುತ್ತವೆ. ಅವುಗಳಲ್ಲಿ ಮುಖ್ಯವಾದ ಟಿ.ಎನ್.ಎಫ್. ಎಂಬುದನ್ನು 1975ರಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು ನಂಜು ಕೊಟ್ಟ ಇಲಿಗಳ ರಕ್ತದಲ್ಲಿ ಕಂಡಿದ್ದರು. ಇತ್ತ ಪಿತ್ತದ ಆಮ್ಲಗಳನ್ನು ರಕ್ತದಿಂದ ಒಳಕ್ಕೆ ತರುವ ಪ್ರೋಟೀನನ್ನು ಜೂರಿಕ್ಕಿನ ಪ್ರಯೋಗಾಲಯವೊಂದು 1991ರಲ್ಲಿ ಗುರುತಿಸಿತು. ಕಾಲುವೆಗೆ ತಳ್ಳುವ ಪ್ರೋಟೀನುಗಳೂ ಅದೇ ದಶಕದಲ್ಲಿ ಒಂದೊಂದಾಗಿ ಸಿಕ್ಕವು. ಬಾಗಿಲಿನ ಆಳುಗಳೆಂದರೆ ಇವರೇ. ಇಲಿಗಳಿಗೆ ಎಂಡೊಟಾಕ್ಸಿನ್ ಕೊಟ್ಟು ಎಣಿಸಿದಾಗ ಈ ಆಳುಗಳ ಸಂಖ್ಯೆ ಇಳಿದದ್ದು 1990ರ ದಶಕದ ಮಧ್ಯದಲ್ಲಿ ಹಲವೆಡೆ ಕಂಡುಬಂತು. ಹೊಸ ಆಳುಗಳ ನೇಮಕ ನಿಲ್ಲುತ್ತದೆ. ಸಾಲದೆಂಬಂತೆ, ಬಾಗಿಲಲ್ಲಿ ನಿಂತಿದ್ದ ಕೆಲವರನ್ನು ಕೆಲವೇ ಗಂಟೆಗಳಲ್ಲಿ ಕೋಶದ ಒಳಕ್ಕೆ ಹಿಂದಕ್ಕೆ ಕರೆಸಿಕೊಳ್ಳಲಾಗುತ್ತದೆ. ನ್ಯುಮೋನಿಯ ತರುವ ಮುಖ್ಯ ಜೀವಿಯಲ್ಲಿ ಎಂಡೊಟಾಕ್ಸಿನ್ ಇಲ್ಲ. ಆದರೆ ಅದರ ಕವಚದ ಚೂರುಗಳೂ ಅದರ ವಿಷವೂ ಇಂಥದೇ ಸಂದೇಶಗಳನ್ನು ಎಬ್ಬಿಸುತ್ತವೆ. ಗಾರ್ವಿನ್ನನ ರೋಗಿಗಳು ಹಳದಿಯಾದ ಬಗೆಯನ್ನು ಹೀಗೆ ಅರ್ಥಮಾಡಿಕೊಳ್ಳಬಹುದು.

ಯಕೃತ್ತು ಹೀಗೇಕೆ ಮಾಡುತ್ತದೆ? ಊರಿಗೆ ಬೆಂಕಿ ಬಿದ್ದಾಗ ಮನೆಯವರೆಲ್ಲ ಕೊಡ ಹಿಡಿದು ಓಡುತ್ತಾರೆ. ಒಲೆಯ ಮೇಲಿನ ಅನ್ನವನ್ನು ಯಾರೂ ನೋಡುವುದಿಲ್ಲ. ನಂಜೇರಿದಾಗ ಯಕೃತ್ತು ರಕ್ಷಣೆಯ ಪ್ರೋಟೀನುಗಳನ್ನು ರಾಶಿರಾಶಿಯಾಗಿ ತಯಾರಿಸಲು ತೊಡಗುತ್ತದೆ. ದಿನನಿತ್ಯದ ಕೆಲಸ ಹಿಂದೆ ಬೀಳುತ್ತದೆ. ಆದ್ದರಿಂದ ನಂಜಿನ ಕಾಮಾಲೆಯನ್ನು ಯಕೃತ್ತಿನ ಸೋಲೆಂದು ಕರೆಯಲು ನನಗೆ ಮನಸ್ಸು ಬಾರದು. ಬಹಳ ಸಲ ಅದು ಬೇರೆಡೆ ನಡೆಯುತ್ತಿರುವ ಯುದ್ಧದ ಸುದ್ದಿ. ಯುದ್ಧ ನಿಲ್ಲದಿದ್ದರೆ ಯಕೃತ್ತೂ ನಿಜವಾಗಿ ಸೋಲುತ್ತದೆ, ಆ ಮಾತು ಬೇರೆ.

ಎಲ್ಲ ತಿಳಿದ ಮೇಲೆ ಔಷಧ ಸುಲಭವಾಗಬೇಕಿತ್ತಲ್ಲವೆ? ಹಾಗಾಗಲಿಲ್ಲ. ಒಡಲ ನಂಜನ್ನು ಹಿಡಿದು ಕಟ್ಟುವುದೆಂಬ ಭರವಸೆಯಿಂದ ಬಂದ ಪ್ರತಿಕಾಯವೊಂದನ್ನು 1993ರಲ್ಲಿ ಹಿಂತೆಗೆಯಬೇಕಾಯಿತು. ದೇಹ ಈ ನಂಜನ್ನು ಗುರುತಿಸುವ ಗ್ರಾಹಕವನ್ನು 1998ರಲ್ಲಿ ಬ್ರೂಸ್ ಬ್ಯೂಟ್ಲರ್ ಮತ್ತು ಸಂಗಡಿಗರು ಕಂಡುಹಿಡಿದರು. 2011ರ ನೊಬೆಲ್ ಬಹುಮಾನದಲ್ಲಿ ಆತನಿಗೂ ಪಾಲು ಬಂತು. ಅದೇ ಗ್ರಾಹಕಕ್ಕೆ ಅಡ್ಡ ಹಾಕುವ ಔಷಧವನ್ನು ಸುಮಾರು 2000 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು: ಸಾವು ಕಡಮೆಯಾಗಲಿಲ್ಲ. ನಂಜು ಸುದ್ದಿಯನ್ನು ಮುಟ್ಟಿಸಿಯಾದ ಮೇಲೆ ಅದರ ಬಾಯಿ ಕಟ್ಟಿ ಪ್ರಯೋಜನವಿಲ್ಲವೆಂದು ಕಾಣುತ್ತದೆ. ಹೀಗಾಗಿ ಚಿಕಿತ್ಸೆ ಹಳೆಯದೇ ಉಳಿದಿದೆ: ಕೀವು ಎಲ್ಲಿದೆಯೆಂದು ಹುಡುಕು, ತೆಗೆ, ತಕ್ಕ ಪ್ರತಿಜೀವಕವನ್ನು ಬೇಗ ಕೊಡು, ರೋಗಿಯ ರಕ್ತಸಂಚಾರವನ್ನು ಕಾಪಾಡು. ಯಕೃತ್ತಿನ ಬಾಗಿಲು ತಾನಾಗಿಯೇ ತೆರೆಯುತ್ತದೆ.

ಪಾನುಮ್ ಕುದಿಸಿದ ರಸದಿಂದ ಇಲಿಯ ಬಾಗಿಲಾಳುಗಳ ಎಣಿಕೆಯವರೆಗಿನ ಈ ನೂರನಲವತ್ತು ವರ್ಷಗಳ ಇತಿಹಾಸದಿಂದ ರೋಗಿಯ ಹಾಸಿಗೆಯ ಬಳಿಗೆ ಬಂದು ತಲಪುವ ಬುದ್ಧಿವಾದ ಇಷ್ಟೆ. ಕಾಮಾಲೆ ಕಣ್ಣಿನವನಿಗೆ ಲೋಕವೆಲ್ಲ ಹಳದಿ ಎಂದು ನಮ್ಮಲ್ಲೊಂದು ಗಾದೆಯಿದೆ. ಆದರೆ ಆ ಹಳದಿಗೆ ಮರುಳಾಗುವವನು ಹೆಚ್ಚಾಗಿ ರೋಗಿಯಲ್ಲ, ಅವನನ್ನು ನೋಡಲು ಬಂದವನು. ಜ್ವರದವನ ಕಣ್ಣಿನಲ್ಲಿ ಹಳದಿ ಕಂಡಾಗ ಅದನ್ನು ಒಂದು ಗಳಿಗೆ ಬದಿಗಿಟ್ಟು, ಅವನ ಎದೆ, ಹೊಟ್ಟೆ, ಬೆನ್ನು, ಪಾದಗಳನ್ನು ಹೊದಿಕೆ ಸರಿಸಿ ನೋಡುವ ತಾಳ್ಮೆ ಬೇಕು.